ತಾತನ ಕೋವಿಗೆ ಉಪ್ಪುಕಾಗದ ಹಾಕೋದಾ, ಬೇಡ್ವಾ?

(1/5)
ಈ ಸಲದ ಹಳೇ ವಸ್ತು ಒಂದು ಜೋಡಿನಳಿಗೆ ಬೇಟೆ ಕೋವಿ. ಕೊಡಗಿನ ನನ್ನ ಕ್ಲಾಸ್‌ಮೇಟ್ ಮನೆಯದು. ಕೈಲ್‌ಪೊಳ್ದ್ ಹಬ್ಬಕ್ಕೆ ಇನ್ನೆರಡು ವಾರ ಇತ್ತು. ಸೆಪ್ಟೆಂಬರ್ 3ರ ಹೊತ್ತಿಗೆ ಬರೋ ಈ ಹಬ್ಬದಲ್ಲಿ ಮನೆಯ ಕೋವಿ, ಕತ್ತಿ ಎಲ್ಲ ಇಟ್ಟು, ತೋಕ್ ಪೂ ಅಂದ್ರೆ ಕೋವಿ ಹೂವು ಸಿಕ್ಕಿಸಿ ಪೂಜೆ ಮಾಡ್ತಾರೆ.

ಕೋವಿಯ ಮರದ ಭಾಗ, ಹೆಗಲಿಗೆ ಒರಗಿಸ್ತಾರಲ್ಲ, ಅದಕ್ಕೆ ಸ್ಟಾಕ್ ಅಂತಾರೆ. ಇದರ ಸ್ಟಾಕ್ ಕಪ್ಪಾಗಿತ್ತು, ತುಂಬ ತಗ್ಗುಗಳು ಬಿದ್ದಿದ್ವು. "ಉಜ್ಜಿ ತೆಗೆದು ಹೊಸ ಪಾಲಿಶ್ ಹೊಡೆಯೋಣ, ಫೋಟೋಗೆ ಚೆನ್ನಾಗಿ ಬರುತ್ತೆ" ಅಂದ ಗೆಳೆಯ. ನಾನೂ ಹೂಂ ಅಂದೆ. ಅವರ ಅಜ್ಜಿ ಮಾತ್ರ, "ಹಿಂದುಗಡೆ ತುಂಡು ನೋಡಿದ್ಯಾ ಮೊದ್ಲು?" ಅಂದ್ರು.

ನೋಡಿದ್ವಿ. ಸ್ಟಾಕ್‌ನ ತುದಿಗೆ ಬೆರಳಗಲದ ಬೇರೆ ಮರ ಕೂಡಿಸಿತ್ತು!

(2/5)
ಆ ತುಂಡು ಯಾಕೆ ಅಂತ ಗೊತ್ತಾಗಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ರೈಫಲ್‌ಗೆ ಹಿಂದೊಂದು, ಮುಂದೊಂದು ಗುರಿಗುರುತು ಇರುತ್ತೆ. ಶಾಟ್‌ಗನ್‌ಗೆ ಸಾಮಾನ್ಯವಾಗಿ ಮುಂದೆ ಒಂದು ಪುಟ್ಟ ಮಣಿ ಅಷ್ಟೇ. ಹಿಂದಿನ ಗುರುತು ನಿಮ್ಮ ಕಣ್ಣೇ. ಕೆನ್ನೆ ಮರಕ್ಕೆ ತಾಗೋ ಜಾಗ ತುಸು ಮೇಲೆ ಕೆಳಗೆ ಆದ್ರೂ ಗುರಿ ತಪ್ಪುತ್ತೆ.

ಅದಕ್ಕೇ ಲಂಡನ್ನಿನ ಪರ್ಡಿ (1814), ಹಾಲೆಂಡ್ ಅಂಡ್ ಹಾಲೆಂಡ್ (1835) ಥರದ ಕೋವಿ ತಯಾರಕರು ದರ್ಜಿ ಬಟ್ಟೆಗೆ ಅಳತೆ ತಗೊಳ್ಳೋ ಹಾಗೆ ಗಿರಾಕಿಯ ಅಳತೆ ತಗೊಳ್ತಿದ್ರು. ಕುದುರೆ ಅಂದ್ರೆ ಟ್ರಿಗರ್‌ನಿಂದ ತುದಿವರೆಗಿನ ಉದ್ದ ಸಾಮಾನ್ಯವಾಗಿ 14ರಿಂದ 15 ಇಂಚು. ಕೆನ್ನೆ ಕೂರೋ ಜಾಗದ ಇಳಿಜಾರು ಬೇರೆ. ಬಲಗೈಯವರಿಗೆ ಸ್ಟಾಕ್ ತುಸು ಬಲಕ್ಕೆ, ಎಡಗೈಯವರಿಗೆ ಎಡಕ್ಕೆ ವಾಲಿರುತ್ತೆ. ವಾಲಿಸೋಕೆ ಬಿಸಿ ಎಣ್ಣೆ ಹಾಕಿ ಮರವನ್ನೇ ಬಗ್ಗಿಸ್ತಿದ್ರು.

ಮರ ಹೆಚ್ಚಾಗಿ ವಾಲ್‌ನಟ್, ಅಂದ್ರೆ ಅಕ್ರೋಟ್. ಗಟ್ಟಿ ಆದ್ರೂ ತೀರಾ ಭಾರ ಇಲ್ಲ, ಒದೆತಕ್ಕೆ ಸುಲಭವಾಗಿ ಸೀಳಲ್ಲ, ಚೆನ್ನಾಗಿ ಒಣಗಿದ್ರೆ ಸೊಟ್ಟಗಾಗೋದೂ ಕಡಿಮೆ. ಮೇಲೆ ಅಗಸೆ ಎಣ್ಣೆ, ಒಂದೇ ಸಲಕ್ಕಲ್ಲ. ತೆಳ್ಳಗೆ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ, ವಾರಗಟ್ಟಲೆ ಕೆಲಸ.

(3/5)
ಅತ್ತ ಅಮೆರಿಕದಲ್ಲಿ ಕಥೆ ಬೇರೆ ದಾರಿ ಹಿಡೀತು. ಸೈನ್ಯಕ್ಕೆ ಸಾವಿರಾರು ಬಂದೂಕು ಬೇಕು, ಒಂದೊಂದು ಸ್ಟಾಕನ್ನೂ ಕೈಯಲ್ಲಿ ಕೆತ್ತಬೇಕು. 1819ರಲ್ಲಿ ಥಾಮಸ್ ಬ್ಲಾಂಚರ್ಡ್ ಒಂದು ಲೇತ್‌ಗೆ ಪೇಟೆಂಟ್ ಪಡೆದ. ಒಂದು ಮಾದರಿ ಸ್ಟಾಕ್ ತಿರುಗ್ತಿರುತ್ತೆ, ಒಂದು ಚಕ್ರ ಅದರ ಉಬ್ಬು ತಗ್ಗನ್ನ ಸವರುತ್ತೆ, ಪಕ್ಕದಲ್ಲಿ ಇನ್ನೊಂದು ಮರವನ್ನ ಬ್ಲೇಡ್ ಅದೇ ಆಕಾರಕ್ಕೆ ಕೆತ್ತುತ್ತೆ. ಸ್ಪ್ರಿಂಗ್‌ಫೀಲ್ಡ್‌ನ ಸರ್ಕಾರಿ ಶಸ್ತ್ರಾಗಾರದಲ್ಲಿ ಇದು ಓಡ್ತು. ಆಮೇಲೆ ಶೂ ಅಚ್ಚು, ಕೊಡಲಿ ಹಿಡಿ ಕೂಡ ಇದೇ ಉಪಾಯದಲ್ಲಿ ಬಂದ್ವು.

ಲಾಭ ದೊಡ್ಡದು, ಆದ್ರೆ ಎಲ್ಲರಿಗೂ ಒಂದೇ ಅಳತೆ. ಉದ್ದ ಕೈಯವನಿಗೆ ಗಿಡ್ಡ, ಗಿಡ್ಡ ಕೈಯವನಿಗೆ ಉದ್ದ. ಸರಿ ಮಾಡೋ ಕೆಲಸ ಊರಿನ ಮರಗೆಲಸದವರ ಪಾಲಿಗೆ ಬಂತು.

(4/5)
ಈಗ ಕೊಡಗು. ಬ್ರಿಟಿಷರು ದೇಶದಲ್ಲೆಲ್ಲ ಆಯುಧ ಕಿತ್ಕೊಳ್ತಿದ್ದ ಕಾಲ. 1861ರಲ್ಲಿ ಮಾರ್ಕ್ ಕಬ್ಬನ್ (ಹೌದು, ಕಬ್ಬನ್ ಪಾರ್ಕಿನ ಕಬ್ಬನ್ನೇ) ಕೊಡಗಿನವರಿಗೆ ಆ ಕಾನೂನಿಂದ ವಿನಾಯಿತಿ ಕೊಟ್ಟ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇವತ್ತಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿತು. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಬೇಟೆ ನಿಂತ್ರೂ ಕೋವಿ ಉಳೀತು, ಹಬ್ಬಕ್ಕೆ, ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಗೆ, ಹುಟ್ಟು ಸಾವಿನ ಸುದ್ದಿ ಹೇಳೋಕೆ.

ಅಜ್ಜಿ ಹೇಳಿದ್ದು ಇಷ್ಟು: ಮುತ್ತಾತ ಗಿಡ್ಡ. ಮಗ ಆರಡಿ. ಮುತ್ತಾತ ತೀರಿಕೊಂಡ್ಮೇಲೆ ಕೋವಿ ಮಗನಿಗೆ ಬಂತು, ಹೆಗಲಿಗೆ ಕೂರ್ಲಿಲ್ಲ. ಊರಿನ ಆಚಾರಿ ಬೀಟೆ ಮರದ ತುಂಡು ಕೂಡಿಸಿಕೊಟ್ರು. ಹೊರಗಿಂದ ಬಂದ ವಾಲ್‌ನಟ್‌ಗೆ ಕೊಡಗಿನ ಬೀಟೆ. ನಾವು ಉಜ್ಜಿ, ಒಂದೇ ಬಣ್ಣ ಬಳಿದಿದ್ರೆ ಆ ಗೆರೆಯೇ ಕಾಣ್ತಿರ್ಲಿಲ್ಲ. ಗಿಡ್ಡ ಮುತ್ತಾತನ ಅಳತೆಗೆ, ಎತ್ತರದ ತಾತನ ಅಳತೆಗೆ ಇದ್ದ ಸಾಕ್ಷಿ ಅದೊಂದೇ. ಇಬ್ಬರದೂ ಒಂದು ಫೋಟೋ ಸಹ ಮನೆಯಲ್ಲಿಲ್ಲ.

(5/5)
ಕೊನೆಗೆ ಏನ್ ಮಾಡಿದ್ವಿ?

ಗೆಳೆಯನ ಅಪ್ಪ ಮೊದಲು ಕೋವಿ ಖಾಲಿ ಇದೆ ಅಂತ ಎರಡು ಸಲ ನೋಡಿ, ಸ್ಟಾಕ್ ಬಿಚ್ಚಿಕೊಟ್ರು. ಉಪ್ಪುಕಾಗದ ಮುಟ್ಟಲಿಲ್ಲ. ಅದು ಮರವನ್ನೇ ತಿನ್ನುತ್ತೆ. ಹಿಡಿಯ ಚೌಕಳಿ ಗೆರೆ ಹೋಗುತ್ತೆ, ಕಬ್ಬಿಣದ ಅಂಚಿಗಿಂತ ಮರ ತಗ್ಗುತ್ತೆ, ಹೋದದ್ದು ವಾಪಸ್ ಬರಲ್ಲ. ಹಳೇ ಜಿಡ್ಡನ್ನ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದ್ವಿ. ದೊಡ್ಡ ತಗ್ಗುಗಳ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ತಾಗಿಸಿದ್ವಿ. ಆವಿಗೆ, ಒತ್ತಿಹೋಗಿದ್ದ ಮರದ ನಾರು ಉಬ್ಬಿ ಮೇಲೆ ಬಂತು. ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆ, ದಿನಕ್ಕೊಂದು ತೆಳು ಪದರ.

ಒಂದು ಎಚ್ಚರಿಕೆ: ಎಣ್ಣೆ ಬಟ್ಟೆ ಮುದ್ದೆ ಮಾಡಿ ಎಸೀಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಬಟ್ಟೆ ತಾನಾಗೇ ಹೊತ್ಕೊಳ್ಳಬಹುದು. ಹರವಿ ಒಣಗಿಸಿ.

ಹಬ್ಬದ ದಿನ ಕೋವಿ ಹೊಸದರ ಹಾಗೆ ಹೊಳೀಲಿಲ್ಲ. ಆದ್ರೆ ಬೀಟೆಯ ತುಂಡು ಮೊದಲಿಗಿಂತ ಸ್ಪಷ್ಟವಾಗಿ ಕಾಣ್ತಿತ್ತು. ಗೆಳೆಯ ಹೆಗಲಿಗೆ ಇಟ್ಟು ನೋಡಿದ. ಸರಿಯಾಗಿ ಕೂತಿತು. ಅವನೂ ಆರಡಿ.

ನಿಮ್ಮನೇಲಿ ಯಾರೋ ತಮ್ಮ ಅಳತೆಗೆ ತಿದ್ದಿಸಿಕೊಂಡ ಹಳೇ ವಸ್ತು ಇದ್ಯಾ? ಉಜ್ಜೋ ಮುಂಚೆ ಹಿರಿಯರನ್ನ ಒಂದ್ಸಲ ಕೇಳಿ, ಅವರು ಹೇಳಿದ್ದನ್ನ ಕೆಳಗೆ ಬರೀರಿ.

#ಹಳೇವಸ್ತು #ಕೊಡಗು #ಕೈಲ್‌ಪೊಳ್ದ್ #ಮನೆಯಚರಿತ್ರೆ