ಕೃತಕ ಮಂಡಿಯೂ ಗಣಕಯಂತ್ರವೂ: ಒಂದು ಚಾರಿತ್ರಿಕ ವಿವೇಚನೆ

ಹಾರನಹಳ್ಳಿಯ ಸುತ್ತಣ ಹುಣಸೂರು, ಪಿರಿಯಾಪಟ್ಟಣ ಸೀಮೆಯು ಹೊಗೆಸೊಪ್ಪಿನ ಬೇಸಾಯಕ್ಕೆ ಹೆಸರಾದುದು. ಸಸಿ ನೆಡುವುದು, ಕಳೆ ಕೀಳುವುದು, ಎಲೆ ಮುರಿಯುವುದು ಮೊದಲಾದ ಕೆಲಸಗಳು ಬಹುಮಟ್ಟಿಗೆ ಬಗ್ಗಿಯೋ ಕುಕ್ಕರಗಾಲಿನಲ್ಲಿ ಕುಳಿತೋ ಮಾಡತಕ್ಕವು. ಇಂತಹ ಕಡೆ ಮಂಡಿಯ ಸವೆತವೆಂಬುದು ಕೇವಲ ನೋವಲ್ಲ, ಜೀವನೋಪಾಯಕ್ಕೇ ಒದಗುವ ಕುಂದು. ಆದುದರಿಂದ ಗಣಕಯಂತ್ರದ ನೆರವಿನಿಂದ ಕೃತಕ ಮಂಡಿಯನ್ನು ಜೋಡಿಸುವ ವಿಧಾನದ ಚರಿತ್ರೆಯನ್ನು ನಾವು ಈ ಜನರನ್ನು ಮನಸ್ಸಿನಲ್ಲಿಟ್ಟುಕೊಂಡೇ ಪರಿಶೀಲಿಸಬೇಕಾಗಿದೆ.

1890ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲಕ್ ಎಂಬ ವೈದ್ಯನು ಕ್ಷಯದಿಂದ ಕೆಟ್ಟ ಮಂಡಿಗೆ ದಂತದ ಕೀಲನ್ನು ಇರಿಸಿದನು. ಆದರೆ ಸೋಂಕಿನ ದೆಸೆಯಿಂದ ಆ ಪ್ರಯತ್ನ ಫಲಿಸಲಿಲ್ಲ. 1974ರಲ್ಲಿ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂದ ಲೋಹ ಹಾಗೂ ಪಾಲಿಎಥಿಲೀನಿನ ಕೀಲು ಇಂದಿನ ಮಾದರಿಗಳಿಗೆ ತಳಹದಿಯಾಯಿತು. ಆಗ ಉಳಿದ ಮುಖ್ಯ ಸಮಸ್ಯೆ ಅಳತೆಯದು. ಸೊಂಟದ ಕೀಲಿನ ನಡುವಿನಿಂದ ಹರಡಿನ ನಡುವಿಗೆ ಎಳೆದ ರೇಖೆಯು ಮಂಡಿಯ ನಡುವೆ ಹಾಯಬೇಕೆಂಬುದು ಅಂದಿನ ನಿಯಮ. ತೊಡೆಮೂಳೆಯ ಮಜ್ಜೆಯ ನಾಳದೊಳಗೆ ಸಲಾಕೆಯನ್ನು ತೂರಿಸಿ ಕೋನವನ್ನು ನಿರ್ಧರಿಸುತ್ತಿದ್ದರು. ಮೂಳೆಯೇ ಬಾಗಿದ್ದರೆ ಅಳತೆಯೂ ತಪ್ಪುತ್ತಿತ್ತು.

1997ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಹೊಸ ಮಾರ್ಗವೊಂದು ತೆರೆಯಿತು. ಮೂಳೆಗಳಿಗೆ ಗುರುತುಗಳನ್ನು ಬಿಗಿದು, ತೊಡೆಯನ್ನು ವೃತ್ತಾಕಾರವಾಗಿ ತಿರುಗಿಸಿದರೆ, ಅವುಗಳ ಚಲನೆಯನ್ನು ಅವಕೆಂಪು ಕ್ಯಾಮರಾ ಗ್ರಹಿಸುತ್ತದೆ. ಗಣಕಯಂತ್ರವು ಸೊಂಟದ ಕೀಲಿನ ಕೇಂದ್ರವನ್ನು ಲೆಕ್ಕಹಾಕಿ ಕೋನವನ್ನು ಪರದೆಯ ಮೇಲೆ ತೋರಿಸುತ್ತದೆ. ಕೊಯ್ಯುವ ಕೈ ಮಾತ್ರ ವೈದ್ಯನದೇ. ಮುಂದೆ ಆ ಕೈಯನ್ನು ಮೇರೆಯೊಳಗೆ ಹಿಡಿದಿಡುವ ಯಂತ್ರಬಾಹುವೂ ಬಂದಿತು.

ಇದರಿಂದ ಲಭಿಸಿದ ಫಲವೇನು? ನಿಯತ ರೇಖೆಯಿಂದ 3 ಡಿಗ್ರಿಗೂ ಮೀರಿ ತಪ್ಪುವ ಪ್ರಸಂಗಗಳು ಕಡಮೆಯಾದುವೆಂಬುದು ಅನೇಕ ಪರೀಕ್ಷೆಗಳಿಂದ ಸಿದ್ಧವಾಗಿದೆ. 65 ವರ್ಷದೊಳಗಿನವರಲ್ಲಿ ಮರುಶಸ್ತ್ರಚಿಕಿತ್ಸೆಯೂ ಕಡಮೆಯೆಂದು ಆಸ್ಟ್ರೇಲಿಯದ ರಾಷ್ಟ್ರೀಯ ದಾಖಲೆಯನ್ನು ಆಧರಿಸಿದ 2015ರ ಅಧ್ಯಯನವು ತೋರಿಸಿತು. ಆದರೆ ನೋವಿನ ಶಮನದಲ್ಲಿಯೂ ನಡಿಗೆಯಲ್ಲಿಯೂ ಅಷ್ಟೇ ಸ್ಪಷ್ಟವಾದ ಮೇಲ್ಮೆ ಕಂಡುಬಂದಿಲ್ಲ. ನೆಲದ ಮೇಲೆ ಕುಕ್ಕರಿಸುವ ಶಕ್ತಿಯನ್ನಂತೂ ಕೋನದ ನಿಖರತೆಯೊಂದೇ ತಂದುಕೊಡಲಾರದು; ಕೀಲಿನ ರಚನೆ, ಮೊದಲಿದ್ದ ಬಾಗು, ಅನಂತರದ ವ್ಯಾಯಾಮ ಇವೆಲ್ಲವೂ ಅದಕ್ಕೆ ಕಾರಣಗಳು.

2017ರ ಆಗಸ್ಟ್‌ನಲ್ಲಿ ಭಾರತ ಸರ್ಕಾರವು ಕೃತಕ ಮಂಡಿಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಮಾಡಿ, ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ತೆರಿಗೆಯ ಹೊರತು 54,720 ರೂಪಾಯಿಗಳನ್ನು ನಿಗದಿಪಡಿಸಿತು. ಈ ಮಿತಿ ಕೀಲಿಗೆ ಮಾತ್ರ. ಯಂತ್ರದ ಬಳಕೆಗೆ ವಿಧಿಸುವ ಶುಲ್ಕಕ್ಕೆ ಅನ್ವಯಿಸಲಿಲ್ಲ.

ಹೀಗಿರಲಾಗಿ, ಯಂತ್ರವು ಎಷ್ಟು ಸರಿಯಾಗಿ ಅಳೆಯಿತೆಂಬುದಷ್ಟೇ ನಮ್ಮ ಪ್ರಶ್ನೆಯಾಗಕೂಡದು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಒಕ್ಕಲಿತಿಯು ಮತ್ತೆ ಹೊಲದ ಬದುವಿನ ಮೇಲೆ ನಡೆಯಬಲ್ಲಳೇ, ಅದಕ್ಕಾಗಿ ಆಕೆಯ ಮನೆ ಎಷ್ಟು ಸಾಲ ಹೊತ್ತಿತು ಎಂಬುದೂ ಈ ಚರಿತ್ರೆಯ ಅಂಗವೇ ಎಂದು ನಾವು ಭಾವಿಸುತ್ತೇವೆ.