ಮೊದಲ ಮೂರು ದಿನದ ಹಾಲು

ಹೋದ ತಿಂಗಳು ಒಂದು ರಾತ್ರಿ ಎರಡು ಗಂಟೆಗೆ ತಂಗಿಯ ಫೋನು. ಚೊಚ್ಚಲ ಹೆರಿಗೆಯಾಗಿ ಒಂದೂವರೆ ದಿನ ಆಗಿತ್ತಷ್ಟೆ. "ಅಕ್ಕಾ, ಹಾಲೇ ಇಲ್ಲ ಕಣೇ. ನಾಲ್ಕು ಹನಿ, ಅದೂ ಹಳದಿ. ಎಲ್ಲರೂ ಪೌಡರ್ ಹಾಕು ಅಂತಿದಾರೆ" ಅಂತ ಅಳು. ಹಿಂದೆ ಮಗುವಿನ ಅಳು ಬೇರೆ.

ಆರು ವರ್ಷದ ಹಿಂದೆ ಇಂಥದ್ದೇ ಹೊತ್ತಿನಲ್ಲಿ ಇದೇ ಮಾತನ್ನು ನಾನೂ ಹೇಳಿದ್ದೆ. ನರ್ಸಿಂಗ್ ಹೋಮಿನಲ್ಲಿ ಎರಡನೇ ರಾತ್ರಿ ಮಗಳು ಒಂದೇ ಸಮ ಅತ್ತಾಗ ನರ್ಸ್ ಬಾಟಲಿ ತಂದುಕೊಟ್ಟರು. ಮಗು ಗಟಗಟ ಕುಡಿದು ಮಲಗಿತು. ಎಲ್ಲರಿಗೂ ಸಮಾಧಾನ, ನನಗೆ ಮಾತ್ರ ಪರೀಕ್ಷೆಯಲ್ಲಿ ಫೇಲಾದ ಹಾಗೆ. ಅತ್ತ ಅಜ್ಜಿ, "ಒಂಬತ್ತು ತಿಂಗಳು ಒಳಗೇ ಕಟ್ಟಿಕೊಂಡಿದ್ದ ಹಾಲು ಕಣೇ ಅದು, ಮಗೀಗೆ ಆಗಲ್ಲ. ಹಿಂಡಿ ಚೆಲ್ಲಿಬಿಡು. ಚೂರು ಜೇನುತುಪ್ಪ ನೆಕ್ಕಿಸು" ಅಂತಿದ್ದರು. ನಾಲ್ಕನೇ ದಿನ ಹಾಲು ಇಳಿಯಿತು. ಆದರೆ ಮೊದಲ ಮೂರು ದಿನದ ಆ ಅವಮಾನ ಹೋಗಲಿಲ್ಲ. ಬಾಣಂತಿ ಕೋಣೆಯಲ್ಲಿ ಮಗು ಮಲಗಿದಾಗೆಲ್ಲ ಈ ಹಳದಿ ಹಾಲಿನ ಕಥೆ ಹುಡುಕಿ ಓದತೊಡಗಿದೆ. ಓದಿದಷ್ಟೂ ಒಂದು ವಿಷಯ ಗೊತ್ತಾಯ್ತು. ಈ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ ಅಲ್ಲ. ಸಾವಿರಾರು ವರ್ಷಗಳಿಂದ ಹೊಸ ತಾಯಂದಿರಿಗೆಲ್ಲ ಇದನ್ನೇ ಹೇಳುತ್ತಾ ಬಂದಿದ್ದಾರೆ!

ಸುಶ್ರುತ ಸಂಹಿತೆಯನ್ನೇ ನೋಡಿ. ತಾಯಿಗೆ ಹಾಲು ಬರುವುದು ಮೂರೋ ನಾಲ್ಕೋ ರಾತ್ರಿ ಕಳೆದ ಮೇಲೆ, ಅಲ್ಲಿಯವರೆಗೆ ಮಗುವಿಗೆ ಜೇನು, ತುಪ್ಪ ಅಂತ ಅದರ ಶಾರೀರಸ್ಥಾನದಲ್ಲಿದೆ. ಎರಡನೇ ಶತಮಾನದಲ್ಲಿ ರೋಮಿನಲ್ಲಿದ್ದ ಗ್ರೀಕ್ ವೈದ್ಯ ಸೊರಾನಸ್ ಇನ್ನೂ ಒಂದು ಹೆಜ್ಜೆ ಮುಂದೆ. ಇಪ್ಪತ್ತು ದಿನಗಳವರೆಗೂ ತಾಯಿಯ ಹಾಲು ಒಳ್ಳೆಯದಲ್ಲ, ಬೇರೆ ಹೆಂಗಸಿನಿಂದ ಹಾಲು ಕುಡಿಸಿ ಅಂದ. ಅವನೂ ಮೊದಲು ಕೊಡಿಸಿದ್ದು ಜೇನೇ. ನಮ್ಮಜ್ಜಿ ಸೊರಾನಸ್‌ನ ಹೆಸರು ಕೇಳಿದವರಲ್ಲ, ಆದರೆ ಹೇಳಿದ್ದು ಅವನ ಮಾತನ್ನೇ ನೋಡಿ! (ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು ಅನ್ನುವುದು ಇವತ್ತಿನ ವೈದ್ಯರ ಮಾತು. ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.)

ಸುಶ್ರುತದಲ್ಲಿ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಮಾಸು ಬಿದ್ದ ಮೇಲೆ ಪ್ರೊಜೆಸ್ಟೆರಾನ್ ಹಾರ್ಮೋನು ಇಳಿಯುತ್ತದೆ, ಆಗ ಪ್ರೊಲ್ಯಾಕ್ಟಿನ್‌ನ ಕೈ ಮೇಲಾಗಿ ಹಾಲು ತುಂಬಿಕೊಳ್ಳುತ್ತದೆ. ಇದಕ್ಕೆ ಎರಡರಿಂದ ನಾಲ್ಕು ದಿನ ಬೇಕು. ಅದಕ್ಕೂ ಮುಂಚೆ ಬರುವ ಗಟ್ಟಿ ಹಳದಿ ಹಾಲು ಅಷ್ಟಿಷ್ಟೇ. ಮೊದಲ ದಿನ ಒಂದೊಂದು ಸಲಕ್ಕೆ ಚಮಚದಷ್ಟು. ಪುಟ್ಟ ಹೊಟ್ಟೆಗೆ ಬೇಕಾದ್ದೂ ಹೆಚ್ಚುಕಮ್ಮಿ ಅಷ್ಟೇ. ಆ ಚಮಚದ ತುಂಬ ರೋಗನಿರೋಧಕ ವಸ್ತುಗಳು. ಹಿಂದಿನವರು ಅಳತೆ ನೋಡಿದರು, ಬಣ್ಣ ನೋಡಿದರು, ಇದು ಹಾಲಲ್ಲ ಅಂದುಬಿಟ್ಟರು.

ಇದನ್ನು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಒಬ್ಬ ಲಂಡನ್ನಿನ ವಿಲಿಯಂ ಕಡೋಗನ್. 1748ರಲ್ಲಿ ಅಲ್ಲಿನ ಅನಾಥಾಶ್ರಮದ ಆಡಳಿತದವರಿಗಾಗಿ ಬರೆದ ಪುಸ್ತಿಕೆಯಲ್ಲಿ, ಹುಟ್ಟಿದ ಮಗುವಿನ ಬಾಯಿಗೆ ಅದೂ ಇದೂ ತುರುಕಬೇಡಿ, ತಾಯಿಯ ಮೊದಲ ಹಾಲೇ ಅದರ ಹೊಟ್ಟೆ ಶುದ್ಧ ಮಾಡುತ್ತದೆ ಅಂದ.

ಆದರೆ ನೂರು ಚಿಲ್ಲರೆ ವರ್ಷಗಳಲ್ಲಿ ಜೇನು, ಹರಳೆಣ್ಣೆಗಳ ಜಾಗಕ್ಕೆ ಡಬ್ಬಿ ಬಂತು. 1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆ ಊರಿನಲ್ಲಿ ಹೆನ್ರಿ ನೆಸ್ಲೆ ಹಾಲು, ಗೋಧಿ ಹಿಟ್ಟು, ಸಕ್ಕರೆ ಸೇರಿಸಿ ಶಿಶು ಆಹಾರ ಮಾಡಿದ. ತಾಯಿಯಿಲ್ಲದ, ಮೊಲೆ ಹಿಡಿಯಲಾಗದ ಮಕ್ಕಳಿಗೆ ಇಂಥದ್ದು ಬೇಕಾಗಿಯೇ ಇತ್ತು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದಿದ್ದು, ಅಮುಲ್ ಅದನ್ನು ತಯಾರಿಸಿದ್ದು ಹೆಮ್ಮೆಯ ವಿಷಯವೇ. ತೊಂದರೆ ಆಗಿದ್ದು ಡಬ್ಬಿ, ಬೇಕಿಲ್ಲದ ತಾಯಂದಿರ ಕೈಗೂ ಬಂದಾಗ. ಅದು ಬರೋದು ಯಾವಾಗ ಹೇಳಿ? ಹಾಲು ಇಳಿಯದ ಆ ಮೊದಲ ಮೂರು ದಿನದಲ್ಲೇ! ಹೊಟ್ಟೆ ತುಂಬಿದ ಮಗು ಮೊಲೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಹೆಚ್ಚುವುದಿಲ್ಲ. ಮತ್ತೆ ಡಬ್ಬಿ...

1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಒಂದು ಭಾಷಣ ಮಾಡಿದರು. ಹೆಸರು 'ಹಾಲು ಮತ್ತು ಕೊಲೆ'. ನರ್ಸ್‌ಗಳ ಹಾಗೆ ಬಟ್ಟೆ ತೊಟ್ಟ ಮಾರಾಟದ ಹುಡುಗಿಯರು ಬಾಣಂತಿಯರಿಗೆ ಡಬ್ಬಿ ಹಾಲು ಕೊಟ್ಟು, ಇದೇ ಒಳ್ಳೇದು ಅಂತ ನಂಬಿಸುತ್ತಿದ್ದ ಕಾಲ ಅದು. ಕೇಳಿದವರು ಕಡಿಮೆ. 1974ರಲ್ಲಿ ಬ್ರಿಟನ್ನಿನ 'ವಾರ್ ಆನ್ ವಾಂಟ್' ಸಂಸ್ಥೆ 'ದಿ ಬೇಬಿ ಕಿಲ್ಲರ್' ಎಂಬ ಪುಸ್ತಿಕೆ ತಂದಿತು. ಬಡ ದೇಶಗಳಲ್ಲಿ ಕೊಳಕು ನೀರಿನಲ್ಲಿ ಕಲಸಿ, ದುಡ್ಡಿಲ್ಲದೆ ತೆಳ್ಳಗೆ ಮಾಡಿ ಕುಡಿಸಿದ ಪುಡಿಹಾಲಿನ ಕಥೆ ಅದು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರ ಶುರುವಾಯ್ತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಇಂಥ ಮಾರಾಟಕ್ಕೆ ನೀತಿಸಂಹಿತೆ ಮಾಡಿತು. 118 ದೇಶಗಳು ಪರ, ವಿರುದ್ಧ ಅಮೆರಿಕ ಒಂದೇ. ನಮ್ಮಲ್ಲಿ 1992ರಲ್ಲಿ ಕಾಯ್ದೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯ್ತು. ಶಿಶು ಹಾಲಿನ ಪುಡಿಗೆ ಜಾಹೀರಾತು ಕೊಡುವಂತಿಲ್ಲ, ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಹಂಚುವಂತಿಲ್ಲ. ಡಬ್ಬಿ ಮೇಲೆ ಮುದ್ದು ಮಗುವಿನ ಚಿತ್ರ ಯಾಕಿರೋದಿಲ್ಲ ಅಂತ ಈಗ ಗೊತ್ತಾಯ್ತಲ್ಲ?

ಇಷ್ಟಾದರೂ... ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 2015-16ರಿಂದ 2019-21ರ ಹೊತ್ತಿಗೆ ಆಸ್ಪತ್ರೆ ಹೆರಿಗೆ ನೂರಕ್ಕೆ 78.9ರಿಂದ 88.6ಕ್ಕೆ ಏರಿತು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿ ಹಾಲು ಸಿಕ್ಕ ಮಕ್ಕಳು? 41.6ರಿಂದ 41.8. ಅಷ್ಟೇ. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂತು, ಮೊದಲ ಹಾಲಿನ ಮೇಲಿನ ಅನುಮಾನವೂ ಜೊತೆಗೇ ಬಂದಂತಿದೆ.

ಇದರಲ್ಲಿ ನನ್ನನ್ನು ಕಾಡುವ ತಮಾಷೆ ಒಂದಿದೆ. ನನ್ನ ಬಾಣಂತನದಲ್ಲೇ ಪಕ್ಕದ ಮನೆಯ ಹಸು ಕರು ಹಾಕಿತು. ಬೆಲ್ಲ ಏಲಕ್ಕಿ ಹಾಕಿದ ಗಿಣ್ಣು ಬಂತು. ಅಜ್ಜಿ ಚಪ್ಪರಿಸಿಕೊಂಡು ತಿಂದರು. ಗಿಣ್ಣು ಅಂದರೆ ಹಸುವಿನ ಮೊದಲ ಹಳದಿ ಹಾಲೇ ಅಲ್ವಾ! ಕೊಟ್ಟಿಗೆಯಲ್ಲಿ ಅಜ್ಜಿಯದು ಕಟ್ಟುನಿಟ್ಟು. ಕರು ಕುಡಿಯದೆ ಗಿಣ್ಣು ಹಾಲು ಕರೆಯುವಂತಿಲ್ಲ, ಕರು ಬದುಕೋದಿಲ್ಲ ಅಂತ. ಅದು ನಿಜವೇ. ಹಸುವಿನ ಗರ್ಭದಲ್ಲಿ ರೋಗನಿರೋಧಕ ಶಕ್ತಿ ಕರುವಿಗೆ ದಾಟುವುದಿಲ್ಲ, ಗಿಣ್ಣು ಹಾಲೇ ಗತಿ. ಮನುಷ್ಯರ ಮಗುವಿಗೆ ಹೊಟ್ಟೆಯಲ್ಲೇ ಸ್ವಲ್ಪ ಸಿಕ್ಕಿರುತ್ತದೆ. ಹಾಗಾಗಿ ಮೊದಲ ಹಾಲು ತಪ್ಪಿದರೂ ಎಷ್ಟೋ ಮಕ್ಕಳು ಬದುಕುತ್ತವೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಈ ನಂಬಿಕೆ ಇಷ್ಟು ಕಾಲ ಉಳಿಯೋಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತೆ.

ತಂಗಿಗೆ ಅವತ್ತು ಇಷ್ಟೆಲ್ಲ ಹೇಳಲಿಲ್ಲ. "ಆ ನಾಲ್ಕು ಹನಿಯೇ ಹಾಲು ಕಣೇ. ಮಗೂನ ಎದೆಗೆ ಹಾಕ್ಕೊಂಡಿರು. ತೂಕ, ಉಚ್ಚೆ ಎಲ್ಲ ಸರಿ ಇದೆಯಾ ಅಂತ ಡಾಕ್ಟರನ್ನ ಕೇಳು. ಅವರು ಪುಡಿಹಾಲು ಬೇಕೇಬೇಕು ಅಂದ್ರೆ ಕೊಡು, ನಾಚಿಕೆ ಪಡಬೇಡ" ಅಂದೆ. ಡಾಕ್ಟರು ಎಲ್ಲ ಸರಿಯಿದೆ ಅಂದರಂತೆ. ನಾಲ್ಕನೇ ದಿನ ಬೆಳಿಗ್ಗೆ ಮೆಸೇಜು: "ಅಕ್ಕಾ, ರವಿಕೆ ಎಲ್ಲ ಒದ್ದೆ!"

ಹೋದ ವಾರ ಊರಿಗೆ ಹೋದಾಗ ಅಜ್ಜಿಗೆ ಈ ಕರುವಿನ ಕಥೆ ಹೇಳಿದೆ. ವಾದಕ್ಕೆ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಎಲೆ ಅಡಿಕೆ ಮೆಲ್ಲುತ್ತಾ ಸುಮ್ಮನೆ ಕೂತಿದ್ದರು. ಆಮೇಲೆ, "ನಮಗೆ ಯಾರು ಹೇಳಿದ್ರು ಮಗಾ. ಆರು ಹೆತ್ತೆ, ಆರಕ್ಕೂ ಚೆಲ್ಲಿದೆ. ನಾಲ್ಕು ಉಳೀತು" ಅಂದರು.

ಹೋದ ಆ ಎರಡಕ್ಕೂ ಈ ಹಾಲಿಗೂ ಸಂಬಂಧ ಇತ್ತೋ ಇಲ್ಲವೋ, ಯಾರು ಹೇಳಬಲ್ಲರು? ಹೇಳಬಾರದಿತ್ತೇನೋ ಅನ್ನಿಸಿ ಮಾತು ಬದಲಾಯಿಸಿದೆ. ಹೊರಡುವಾಗ ಅಜ್ಜಿ ಒಂದು ಪೊಟ್ಟಣ ಸಬ್ಬಸಿಗೆ ಬೀಜ ಕೈಗಿಟ್ಟರು. "ತಂಗೀಗೆ ಕೊಡು. ಮತ್ತೆ ನೋಡು, ಮುಂದೆ ನಮ್ಮನೇಲಿ ಯಾರೇ ಹೆತ್ರೂ ಆ ಹಾಲು ಚೆಲ್ಲಬೇಡಿ ಅಂತ ನಾನು ಹೇಳ್ದೆ ಅಂತಾನೇ ಹೇಳು."

ಹೇಳಿದ್ದೇನೆ ಅಜ್ಜಿ. ಇಲ್ಲೂ ಬರೆದಿದ್ದೇನೆ. ನಿಮ್ಮ ಮನೆಗಳಲ್ಲಿ ಆ ಮೂರು ದಿನ ಏನು ಮಾಡುತ್ತಿದ್ದರು? ನಿಮ್ಮಜ್ಜಿಯನ್ನೂ ಒಮ್ಮೆ ಕೇಳಿ ನೋಡಿ.