ಮಾವನ ಡಬ್ಬದ ಚಾಕುಗಳು

ಸೋದರಮಾವ ತೀರಿಕೊಂಡ ಮೇಲೆ ಪರೇಲಿನ ಅವರ ಖೋಲಿಯಿಂದ ನನ್ನ ಕೈಗೆ ಬಂದದ್ದು ಒಂದು ಬಿಸ್ಕತ್ತಿನ ತಗಡಿನ ಡಬ್ಬ. ಒಳಗೆ 17 ಮಡಚುವ ಚಾಕುಗಳು. ಒಂದೊಂದನ್ನೂ ಮೇಣದ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟಿದ್ದರು. ಕುಂದಾಪುರದ ಕಡೆಯ ನಮ್ಮ ಮನೆಗೆ ಸುದ್ದಿ ಮುಟ್ಟಿದ್ದೇ ತಡ, ದೊಡ್ಡಮ್ಮನ ಮಗ ಫೋನ್ ಮಾಡಿದ. "ಮನಿಗೆ ದುಡ್ಡ್ ಕಳ್ಸುದ್ ಬಿಟ್ಟ್ ಚೂರಿ ತಕಂಡ್ ಇಟ್ಕಂಡಿದ್ರಾ? ಮಾರಿರೆ ಎಷ್ಟ್ ಬತ್ತ್ ಅಂದೇಳಿ ಕಾಣ್ ಮಾರಾಯ."

ಮಾವನ ಮೇಲೆ ಊರಲ್ಲಿ ಈ ದೂರು ಹಳೆಯದು. ಚಿಕ್ಕ ಪ್ರಾಯದಲ್ಲಿ ಮುಂಬಯಿಗೆ ಓಡಿಬಂದವರು. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಗೋದಿಯ ಹತ್ತಿರ ಒಂದು ಕಂಪೆನಿಯಲ್ಲಿ ಗುಮಾಸ್ತರಾದರು. ಮದುವೆಯಾಗಲಿಲ್ಲ. ಕಳಿಸುತ್ತಿದ್ದ ಮನಿಯಾರ್ಡರು ಯಾವತ್ತೂ ಸಣ್ಣದು. ದುಡ್ಡು ಎಲ್ಲಿ ಹೋಯ್ತು ಅನ್ನುವ ಪ್ರಶ್ನೆಗೆ ಈಗ ಡಬ್ಬವೇ ಉತ್ತರ ಅಂತ ಎಲ್ಲರೂ ತೀರ್ಮಾನಿಸಿಬಿಟ್ಟರು.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ತುಕ್ಕು ಹಿಡಿದ ಒಂದು ಚಾಕುವನ್ನು ಸ್ಟೇಷನ್ ಪಕ್ಕದಲ್ಲಿ ಸಾಣೆ ಹಿಡಿಯುವವನಿಗೆ ಕೊಟ್ಟೆ. ಹತ್ತೇ ನಿಮಿಷದಲ್ಲಿ ಕನ್ನಡಿಯ ಹಾಗೆ ಹೊಳೆಯಿಸಿ ಕೊಟ್ಟ. ನನಗೂ ಖುಷಿಯಾಯಿತು. ಮನೆಗೆ ಬಂದು ನೋಡಿದರೆ ಅಲಗಿನ ಬುಡದಲ್ಲಿದ್ದ ಮುದ್ರೆ ಚಕ್ರಕ್ಕೆ ಸಿಕ್ಕಿ ಅಳಿಸಿಹೋಗಿದೆ. ಅದು ಯಾರು ಮಾಡಿದ್ದು, ಯಾವ ಕಾಲದ್ದು ಎಂದು ಹೇಳಬಲ್ಲ ಒಂದೇ ಸಾಕ್ಷಿಯನ್ನು ನಾನೇ ದುಡ್ಡು ಕೊಟ್ಟು ತೆಗೆಸಿದ ಹಾಗಾಯಿತು. ಉಳಿದ 16ನ್ನು ಯಾರ ಕೈಗೂ ಕೊಡಲಿಲ್ಲ.

ಹಳೆಯ ಚಾಕುವಿನ ತುಕ್ಕು ಬೇರೆ, ಅದರ ಮೈಬಣ್ಣ ಬೇರೆ. ಕೆಂಪಗೆ ಪುಡಿಪುಡಿಯಾಗಿ ಏಳುವುದು ತುಕ್ಕು. ಅದನ್ನು ಬಿಟ್ಟರೆ ಉಕ್ಕನ್ನು ತಿನ್ನುತ್ತದೆ. ಹಣ್ಣು, ಈರುಳ್ಳಿ ಕೊಯ್ದು ಕೊಯ್ದು ಬಂದ ಬೂದು ಬಣ್ಣವನ್ನು ಮುಟ್ಟಬಾರದು. ಹೊಲಿಗೆ ಮೆಷಿನ್ ಎಣ್ಣೆಯನ್ನು ಕೀಲಿಗೆ ಎರಡು ಹನಿ ಬಿಟ್ಟು ಒಂದು ದಿನ ಹಾಗೇ ಇಡಬೇಕು. ಆಮೇಲೆ ನಿಧಾನಕ್ಕೆ ತೆರೆದು ಮುಚ್ಚಿ ಮಾಡಿದರೆ ಒಳಗಿನ ಕರಿ ಕೊಳೆ ತಾನಾಗಿ ಹೊರಗೆ ಬರುತ್ತದೆ. ಸ್ಪ್ರಿಂಗ್ ಗಟ್ಟಿಯಿದ್ದರೆ ಮುಚ್ಚುವಾಗ 'ಟಕ್' ಎಂಬ ಶಬ್ದ ಕೇಳುತ್ತದೆ. ಅಲಗು ಪಕ್ಕಕ್ಕೆ ಅಲುಗಾಡಿದರೆ ಪಿನ್ನು ಸವೆದಿದೆ ಎಂದು ಅರ್ಥ. ಮಸೆದು ಮಸೆದು ಅಲಗು ಕಿರಿದಾಗಿದ್ದರೆ ಬೆಲೆ ಇಳಿಯುತ್ತದೆ. ಒಂದು ಮಾತು: ಚಾಕುವನ್ನು ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ. ಮುಂಬಯಿ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಉಕ್ಕನ್ನು ಕೆಡಿಸುತ್ತದೆ. ಮಾವನಿಗೆ ಇದು ಗೊತ್ತಿದ್ದಿರಬೇಕು, ಅದಕ್ಕೇ ಮೇಣದ ಕಾಗದ.

ಹೆಚ್ಚಿನವು ಇಂಗ್ಲೆಂಡಿನ ಶೆಫೀಲ್ಡಿನವು. ಎರಡರ ಮೇಲೆ ಒಂದು ನಕ್ಷತ್ರ, ಪಕ್ಕದಲ್ಲಿ ಶಿಲುಬೆ. ಅದು ಜೋಸೆಫ್ ರಾಡ್ಜರ್ಸ್ ಕಂಪೆನಿಯ ಗುರುತು. ಆ ಕಾಲದಲ್ಲಿ ಇದಕ್ಕೆ ಎಷ್ಟು ಹೆಸರಿತ್ತೆಂದರೆ ನಕಲಿ ಮಾಲೂ ಅಷ್ಟೇ ಇತ್ತು. ಹಾಗಾಗಿ ಮುದ್ರೆ ಕಂಡ ತಕ್ಷಣ ನಂಬುವಂತಿಲ್ಲ, ಕೀಲು ಎಷ್ಟು ಬಿಗಿಯಾಗಿ ಕೂತಿದೆ ನೋಡಬೇಕು. ಒಂದರ ಮೇಲೆ ಕಿರೀಟದ ಎರಡೂ ಬದಿಗೆ ವಿ, ಆರ್ ಅಕ್ಷರಗಳಿವೆ. ವಿಕ್ಟೋರಿಯಾ ರಾಣಿ ಸತ್ತದ್ದು 1901ರಲ್ಲಿ, ಅಂದರೆ ಚಾಕು ಅದಕ್ಕಿಂತ ಹಿಂದಿನದು. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಅದೇ ಶೆಫೀಲ್ಡಿನಲ್ಲಿ ಮಾಡಿದ್ದು 1913ರಲ್ಲಿ. ಆದ್ದರಿಂದ ಹೊಳೆಯುವ ಸ್ಟೇನ್‌ಲೆಸ್ ಅಲಗಿನ ಚಾಕುವನ್ನು ಯಾರಾದರೂ "ರಾಣಿ ಕಾಲದ್ದು" ಅಂದರೆ ನಕ್ಕು ಸುಮ್ಮನಾಗಬಹುದು.

ಹಿಡಿಗಳಲ್ಲಿ ನಾಲ್ಕು ಕಡವೆ ಕೊಂಬಿನವು. ಶೆಫೀಲ್ಡಿನವರು ಇದನ್ನು ನಮ್ಮ ದೇಶದ ಕಾಡುಗಳಿಂದಲೇ ತರಿಸುತ್ತಿದ್ದರು. ಇಲ್ಲಿಂದ ಹೋದ ಕೊಂಬು ಅಲ್ಲಿ ಹಿಡಿಯಾಗಿ, ಯಾವನೋ ಸಾಹೇಬನ ಜೇಬಿನಲ್ಲಿ ವಾಪಸು ಬಂದು, ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಗೋಣಿ ಮೇಲೆ ಬಿದ್ದಿರಬೇಕು. ವನ್ಯಜೀವಿ ಕಾಯ್ದೆ ಇರುವುದರಿಂದ ಈಗ ಇವನ್ನು ಮಾರುವ ಹಾಗಿಲ್ಲ. ಅಣ್ಣನ ಲೆಕ್ಕದಲ್ಲಿ ನಾಲ್ಕು ಅಲ್ಲಿಗೇ ಕಳೆಯಿತು.

ಉಕ್ಕಿನ ಕತೆಯಂತೂ ಇನ್ನೂ ಹತ್ತಿರದ್ದು. 1794ರಲ್ಲಿ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಇದೇ ಮುಂಬಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಒಂದು ಬಗೆಯ ಉಕ್ಕಿನ ಮಾದರಿ ಕಳಿಸಿದ. ಅದರ ಹೆಸರು 'ವೂಟ್ಜ್' ಎಂದು ಬರೆದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. ಪ್ರಬಂಧದ ತಲೆಬರಹದಲ್ಲೇ ಇದು ಮುಂಬಯಿಯಲ್ಲಿ ತಯಾರಾಗುವ ಉಕ್ಕು ಎಂದಿದೆ! ಮುಂಬಯಿಯಿಂದ ಹಡಗು ಹತ್ತಿದ್ದೆಲ್ಲ ಮುಂಬಯಿಯದೇ, ಊರು ಯಾವುದೆಂದು ಕೇಳುವವರಾರು? ಅದನ್ನು ಪರೀಕ್ಷಿಸಲು ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಕಸಬುದಾರ ಮಾಡಿಕೊಟ್ಟದ್ದೇ ಒಂದು ಪೆನ್‌ನೈಫ್, ಗರಿಯ ಲೇಖನಿ ಕೊಯ್ಯುವ ಸಣ್ಣ ಚಾಕು. ಅದರ ಅಂಚು ಅವನಿಗೆ ಬಹಳ ಹಿಡಿಸಿತು. ಮುಂದೆ ಮೈಕಲ್ ಫ್ಯಾರಡೆಯನ್ನು ಜೊತೆಗೆ ಹಾಕಿಕೊಂಡು ಅಂಥ ಉಕ್ಕನ್ನು ತಾವೂ ಮಾಡಲು ಪ್ರಯತ್ನಿಸಿದ, 1820 ಮತ್ತು 1822ರಲ್ಲಿ ಇಬ್ಬರ ಲೇಖನಗಳೂ ಬಂದವು.

'ವೂಟ್ಜ್' ಎಂಬ ಪದವೇ ನಮ್ಮ 'ಉಕ್ಕು' ಎಂದು 1886ರ ಹಾಬ್ಸನ್-ಜಾಬ್ಸನ್ ನಿಘಂಟು ಊಹಿಸುತ್ತದೆ. 'ವುಕ್ಕು' ಎಂದು ಕೇಳಿ 'ವೂಕ್' ಎಂದು ಬರೆದದ್ದು ಎಲ್ಲೋ ಕೈತಪ್ಪಿ 'ವೂಟ್ಜ್' ಆಯಿತಂತೆ. ತೆಲುಗಿನಲ್ಲೂ ಉಕ್ಕು ಉಕ್ಕೇ, ಆದ್ದರಿಂದ ಪೂರ್ತಿ ನಮ್ಮದೇ ಎಂದು ಎದೆ ತಟ್ಟುವುದು ಬೇಡ. ಆದರೆ ಕೆಲಸ ನಮ್ಮಲ್ಲಿ ನಡೆಯುತ್ತಿದ್ದದ್ದಂತೂ ನಿಜ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ ಮಾಗಡಿ ಕಡೆಯಲ್ಲಿ ಮಣ್ಣಿನ ಮೂಸೆಗೆ ಕಬ್ಬಿಣದ ತುಂಡು, ಆವರಿಕೆ ಕಡ್ಡಿ ತುಂಬಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿದ್ದಾನೆ. ಶೆಫೀಲ್ಡಿನವರು ನಮ್ಮಿಂದ ಕದ್ದರು ಎನ್ನುವುದೂ ಸರಿಯಲ್ಲ. ಅವರ ಹಂಟ್ಸ್‌ಮನ್ 1740ರ ಸುಮಾರಿಗೇ ಮೂಸೆ ಉಕ್ಕು ಕರಗಿಸಿದ್ದ.

ಇನ್ನು ಒಂದೇ ಒಂದು ರಾಂಪುರಿ. ಹಿತ್ತಾಳೆ ಹಿಡಿ, ತೆರೆದಾಗ ಎದೆ ನಡುಗಿಸುವ 'ಕಟಕಟ' ಸದ್ದು. ಉತ್ತರಪ್ರದೇಶದ ರಾಂಪುರದಲ್ಲಿ 2023ರಲ್ಲಿ ವೃತ್ತದ ನಡುವೆ ಆರು ಮೀಟರಿಗೂ ಉದ್ದದ ಚಾಕುವನ್ನೇ ನಿಲ್ಲಿಸಿದ್ದಾರೆ. ಹಿಂದಿ ಸಿನಿಮಾದ ದೆಸೆಯಿಂದ ಕೆಟ್ಟ ಹೆಸರು ಪಡೆದ ಇದನ್ನು ಸಾಧು ಸ್ವಭಾವದ ಮಾವ ಯಾಕೆ ಕೊಂಡರೋ!

ಕೊನೆಗೆ ಕಾಗದಗಳ ಕಡೆ ಬಂದೆ. ಒಂದೊಂದು ಸುತ್ತಿನೊಳಗೂ ಒಂದು ಚೀಟಿ, ಅದರಲ್ಲಿ ರಾತ್ರಿಶಾಲೆಯ ದುಂಡು ಕನ್ನಡದಲ್ಲಿ ತಾರೀಕು, ಕ್ರಯ. "ಶುಕ್ರವಾರ, 12 ಆಣೆ." "ಒಂದು ರೂ. ನಾಲ್ಕಾಣೆ, ಚೌಕಾಸಿ ಮಾಡಿ." ತಾರೀಕು ಮಾಸಿದ ಚೀಟಿಗಳಲ್ಲೂ ಆಣೆ ಇದ್ದರೆ ಹೆಚ್ಚುಕಡಿಮೆ 1957ಕ್ಕಿಂತ ಹಿಂದಿನದು, ನಯಾಪೈಸೆ ಇದ್ದರೆ ಅದರ ಈಚಿನದು ಎಂದುಕೊಂಡೆ. ಆ ವರ್ಷ ಏಪ್ರಿಲ್‌ನಿಂದ ಲೆಕ್ಕ ಬದಲಾಗಿತ್ತು. ಕೊನೆಯ ಚೀಟಿ 1971ರದು. ಅತಿ ದುಬಾರಿಯದಕ್ಕೆ ಕೊಟ್ಟದ್ದು ಆರು ರೂಪಾಯಿ. 16 ಚೀಟಿಗಳನ್ನೂ ಕೂಡಿಸಿದೆ: 38 ರೂಪಾಯಿ ಚಿಲ್ಲರೆ.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ.

"ವರ್ಷಕ್ಕಾ?"

"ಎಲ್ಲ ಸೇರಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಹಂಗಾರೆ ಪಾಪ, ಅವ್ರ್ ಸಂಬ್ಳವೇ ಅಷ್ಟ್ ಇದ್ದಿತಾ ಏನೋ" ಅಂದ. ಮಾರುವ ಮಾತು ಎತ್ತಲಿಲ್ಲ.

ಹದಿನೇಳನೆಯದಕ್ಕೆ ಚೀಟಿ ಇರಲಿಲ್ಲ. ಮುದ್ರೆಯೂ ಇಲ್ಲ. ಎಮ್ಮೆ ಕೊಂಬಿನ ಹಿಡಿ, ಊರ ಕಮ್ಮಾರನ ಕೆಲಸದ ಹಾಗೆ ಒರಟು. ಅಲಗು ಮಸೆದು ಅರ್ಧವಾಗಿದೆ. ಯಾವ ಅಂಗಡಿಯವನೂ ನಾಲ್ಕು ಕಾಸು ಕೊಡಲಾರ. ಕೀಲಿನ ಸಂದಿಯಲ್ಲಿ ವೀಳ್ಯಕ್ಕೆ ಹಚ್ಚುವ ಸುಣ್ಣ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಮಾವ ಎಲೆ ಅಡಿಕೆ ಹಾಕುತ್ತಿರಲಿಲ್ಲ. ಅಲಗಿಗೆ ತೆಳ್ಳಗೆ ಎಣ್ಣೆ ಸವರಿ, ಸುಣ್ಣವನ್ನು ಹಾಗೇ ಬಿಟ್ಟು, ಹೊಸ ಮೇಣದ ಕಾಗದದಲ್ಲಿ ಸುತ್ತಿಟ್ಟೆ.